ಹಿಮ್ಮಡ ಉಜ್ಜುವ ಕಲ್ಲು

ಗೋವಾದ ಪರ್ವರಿಯ ಹೆದ್ದಾರಿಯಿಂದ ಒಳಗೆ ಇಳಿದರೆ, ಹೊಸ ಕಟ್ಟಡಗಳ ಬೆನ್ನಿಗೆ ತಗಡು ಹೊದಿಸಿದ ಖೋಲಿಗಳ ಒಂದು ಸಾಲು ಸಿಗುತ್ತದೆ. ಬಾಡಿಗೆಗಿರುವವರೆಲ್ಲ ವಿಜಯಪುರದ ಕಡೆಯವರು. ಸಾಲಿನ ತುದಿಯಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಬಚ್ಚಲು. ಅದರ ಸಿಮೆಂಟು ನೆಲದಲ್ಲಿ ಅರ್ಧ ಹೂತುಕೊಂಡು ಒಂದು ಕರಿಕಲ್ಲು ಇತ್ತು. ಕೆಲಸದಿಂದ ಬಂದವರು ಜಳಕ ಮಾಡುತ್ತ ಅದರ ಮೇಲೆ ಹಿಮ್ಮಡ ಉಜ್ಜುತ್ತಿದ್ದರು. ದಿನವಿಡೀ ಸಿಮೆಂಟು ತುಳಿದ ಕಾಲಿಗೆ ಅದಕ್ಕಿಂತ ಹಿತವಾದದ್ದು ಇನ್ನೊಂದಿರಲಿಲ್ಲ.

ಮಂಗಿಬಾಯಿಯೂ ಹಾಗೆಯೇ ಉಜ್ಜಿದವಳು. ವಯಸ್ಸು ನಲವತ್ತರ ಆಸುಪಾಸು. ಮರಳು, ಇಟ್ಟಿಗೆ, ಕಲಸಿದ ಸಿಮೆಂಟು ಹೊತ್ತು, ಏಳುತ್ತಿರುವ ಕಟ್ಟಡವೊಂದರ ಮೆಟ್ಟಿಲು ಹತ್ತುವುದು ಅವಳ ಕೆಲಸ. ಗಂಡ ಸೋಮು ಅದೇ ಕಟ್ಟಡದಲ್ಲಿ ಗೋಡೆ ಕಟ್ಟುವ ಗೌಂಡಿ.

ಕಳೆದ ಮಳೆಗಾಲದಲ್ಲಿ ಅವಳ ಬಲ ಹಿಮ್ಮಡದಲ್ಲಿ ಸಣ್ಣದೊಂದು ಗಂಟು ಎದ್ದಿತು. ಚಪ್ಪಲಿಯೊಳಗೆ ಹರಳು ಸಿಕ್ಕಿದ ಹಾಗೆ ಒತ್ತುತ್ತಿತ್ತು. ನೋಡಿದವರೆಲ್ಲ ಆಣಿ ಎಂದರು. ಸೋಮು ಬ್ಲೇಡಿನಿಂದ ಹೆರೆದ. ರಕ್ತ ಬಂತು, ಗಂಟು ಹೋಗಲಿಲ್ಲ. ಪಕ್ಕದ ಖೋಲಿಯ ಚಂದವ್ವ ಗೋಡಂಬಿ ಸಿಪ್ಪೆಯನ್ನು ಕಾಯಿಸಿ ಅದರ ಎಣ್ಣೆ ಬಿಟ್ಟಳು. ಊರಲ್ಲಿ ಮುಳ್ಳು ನೆಟ್ಟರೆ ಗೇರುಬೀಜದಿಂದ ಸುಡುವುದು ಅವಳಿಗೆ ಗೊತ್ತಿತ್ತು, ಗೋವಾದಲ್ಲಿ ಗೋಡಂಬಿ ಸಿಪ್ಪೆಗೆ ಬರವಿರಲಿಲ್ಲ. ಬೆಳಗಾಗುವಷ್ಟರಲ್ಲಿ ಹಿಮ್ಮಡದ ತುಂಬ ಬೊಬ್ಬೆ. ಮಂಗಿಬಾಯಿ ತುದಿಗಾಲಲ್ಲಿ ಮೆಟ್ಟಿಲು ಹತ್ತತೊಡಗಿದಳು. ಒಂದು ದಿನ ತಿರುವಿನಲ್ಲಿ ಕಾಲು ತಡವರಿಸಿ ಸಿಮೆಂಟಿನ ಬುಟ್ಟಿ ಕೆಳಗೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ ಎಂಬುದೊಂದೇ ಪುಣ್ಯ.

"ಕಾಲು ನೆಟ್ಟಗಾದ ಮ್ಯಾಲ ಬಾ," ಎಂದ ಕೂಲಿಯಾಳುಗಳ ಮೇಲಿನ ಮುಕಾದಮ. "ಇನ್ನೊಮ್ಮಿ ಹಿಂಗಾತಂದ್ರ ಬರಬ್ಯಾಡ."

ಆರೋಗ್ಯ ಕೇಂದ್ರದ ಡಾಕ್ಟರು ಗಾಯ ಮಾಯುವವರೆಗೆ ಕಾಯಿಸಿದರು. ಆಮೇಲೆ ಗಂಟಿನ ಮೇಲ್ಪದರ ಕೆರೆದು, ಅದರೊಳಗಿನ ಕರಿ ಚುಕ್ಕೆಗಳನ್ನು ಅವಳಿಗೂ ಸೋಮುವಿಗೂ ತೋರಿಸಿದರು. ಇದು ಆಣಿಯಲ್ಲ, ನರಹುಲಿ. ಕೈಗೆ ಏಳುವಂಥದೇ ಅಂಗಾಲಿಗೂ ಏಳುತ್ತದೆ. ಮೈಭಾರ ಬಿದ್ದು ಒಳಗೆ ಒತ್ತಿಕೊಳ್ಳುತ್ತದೆ. ಒಬ್ಬರ ಕಾಲಿನಿಂದ ಒದ್ದೆ ನೆಲಕ್ಕೆ, ಅಲ್ಲಿಂದ ಇನ್ನೊಬ್ಬರ ಹಿಮ್ಮಡದ ಬಿರುಕಿಗೆ ಅದು ದಾಟುತ್ತದೆ. ಔಷಧಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೊಯ್ಯಬಾರದು, ಸುಡಬಾರದು. ಹಲವರು ಜಳಕ ಮಾಡುವ ಕಡೆ ಬರಿಗಾಲಲ್ಲಿ ನಿಲ್ಲಬಾರದು, ಕಾಲು ಒರೆಸಿ ಒಣಗಿಸಬೇಕು, ಚಪ್ಪಲಿ, ಟವೆಲ್ಲು, ಕಾಲುಜ್ಜುವ ಕಲ್ಲು ಇನ್ನೊಬ್ಬರದು ಬಳಸಬಾರದು.

ಚಳಿಗಾಲ ಮುಗಿಯುವಾಗ ಗಂಟು ಹೋಗಿ, ಆ ಜಾಗದಲ್ಲಿ ಚರ್ಮದ ಗೆರೆಗಳು ಮತ್ತೆ ಕಾಣಿಸಿಕೊಂಡವು. ವಾಸಿಯಾದ ಗುರುತು ಅದೇ ಎಂದರು ಡಾಕ್ಟರು. ಮುಕಾದಮ ಕೆಲಸಕ್ಕೆ ಕರೆದ. ಮನೆಗೆ ಬರುತ್ತಲೇ ಮಂಗಿಬಾಯಿ ಗಂಡನಿಗೆ ಹೇಳಿದಳು: "ಈ ಕಾಲು ಇನ್ನೊಮ್ಮಿ ಕೆಡಾಕ ಬಿಡಂಗಿಲ್ಲ ನಾ."

ಮೊದಲು ಬಂದದ್ದು ನೀಲಿ ರಬ್ಬರಿನ ಚಪ್ಪಲಿ, ಬಚ್ಚಲಿಗೆಂದೇ. ಸುಲಭದ ಮಾತಾಗಿರಲಿಲ್ಲ. ಬಚ್ಚಲ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ಎಲ್ಲರ ರೂಢಿ. ಮೈ ಮಡಿಯಾಗುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವುದುಂಟೆ? ಮೊದಲ ದಿನ ಅವಳಿಗೇ ಹೇಸಿಗೆ ಅನಿಸಿತು. ಹೊರಗೆ ಕೊಡ ಹಿಡಿದು ಪಾಳಿಗೆ ನಿಂತಿದ್ದ ಚಂದವ್ವ ಬಿಡಲಿಲ್ಲ.

"ನೋಡ್ರವಾ, ಮೇಮಸಾಬರು ಬೂಟು ಹಾಕ್ಕೊಂಡ ಜಳಕಕ್ಕ ಹೊಂಟಾರ!"

"ನಗವಾ, ನಗು," ಎಂದಳು ಮಂಗಿಬಾಯಿ ಒಳಗಿನಿಂದ. "ನಿನ್ನ ಗೋಡಂಬಿ ಎಣ್ಣಿಗಿಂತ ಇದಽ ಚಲೋ."

ಆದರೆ ಚಪ್ಪಲಿಯಿಂದ ಕೆಲಸ ಪೂರ್ತಿಯಾಗಲಿಲ್ಲ. ಬಚ್ಚಲ ನೆಲ ನಡುವೆ ತಗ್ಗಾಗಿ, ಕಲ್ಲಿನ ಸುತ್ತ ಸದಾ ನೀರು ನಿಲ್ಲುತ್ತಿತ್ತು. ಚಪ್ಪಲಿ ಹಾಕಿದರೂ ಕಾಲು ಎಲ್ಲರ ನೀರಿನಲ್ಲೇ ಮುಳುಗುತ್ತಿತ್ತು. ನೆಲಕ್ಕೆ ಇಳಿಜಾರು ಕೊಡಬೇಕು, ಅದಕ್ಕೆ ಕಲ್ಲು ಏಳಬೇಕು. ಸೋಮು ತಲೆ ಕೆರೆದುಕೊಂಡ.

"ಕಲ್ಲು ತೆಗಿಯೂದು ದೊಡ್ಡದಲ್ಲ. ರೋಷನಬಿ ಖಾಲಾಗ ಹೇಳೂದು ದೊಡ್ಡದು."

ರೋಷನಬಿ ಸಾಲಿನ ಮೊದಲ ಖೋಲಿಯ ಹಿರಿಯಳು, ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಆ ಕಲ್ಲು ಅವಳ ತವರಿನ ಬೀಸುವ ಕಲ್ಲಿನ ಕೆಳಗಿನ ಹೋಳು. ಮೇಲಿನದು ಒಡೆದ ಮೇಲೆ, ಉಳಿದದ್ದನ್ನು ಲಾರಿಯಲ್ಲಿ ಗೋವಾಕ್ಕೆ ತಂದಿದ್ದಳು. ಬಚ್ಚಲು ಕಟ್ಟುವಾಗ ಗಂಡ ಕಾಸೀಮಸಾಬ ತನ್ನ ಕೈಯಾರೆ ಅದನ್ನು ನೆಲದಲ್ಲಿ ಕೂರಿಸಿದ್ದ. ಅವನೀಗ ಇಲ್ಲ.

ಭಾನುವಾರ ಸೋಮು ಉಳಿ-ಸುತ್ತಿಗೆ ತಂದಾಗ ಅವಳು ಬಚ್ಚಲ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಏನ ಮಂಗಿ, ನನ್ನ ಗಂಡ ಕೂಡಿಸಿದ ಕಲ್ಲಿಗೆ ಕೈ ಹಚ್ಚತೀಯೇನು?"

"ಕಲ್ಲಿನ ಮ್ಯಾಲ ಸಿಟ್ಟಿಲ್ರಿ ಖಾಲಾ. ಎಲ್ಲಾರೂ ಅದರ ಮ್ಯಾಲಽ ಕಾಲು ತಿಕ್ಕತೀವಿ. ಒಬ್ಬರದು ಒಬ್ಬರಿಗೆ ಹತ್ತತೈತಿ."

"ಇಷ್ಟು ವರ್ಷ ತಿಕ್ಕೀವಿ. ಯಾರರ ಸತ್ತಾರೇನು?"

"ಸತ್ತಿಲ್ಲ. ನಾ ಕುಂಟೇನಿ."

"ನೀ ಕುಂಟಿದ್ದು ನಿನ್ನ ಗಂಡನ ಬ್ಲೇಡಿಗೆ, ಚಂದವ್ವನ ಎಣ್ಣಿಗೆ!"

"ನನ್ನ ಹೆಸರ್ಯಾಕ ಬಂತ ಇಲ್ಲೆ?" ಎಂದಳು ಹಿಂದಿನಿಂದ ಚಂದವ್ವ. ನಿಂತವರು ನಕ್ಕರು. ರೋಷನಬಿ ನಗಲಿಲ್ಲ. ಒಳಗೆ ಹೋಗಿ ಕಲ್ಲಿನ ಮೇಲೆ ಕುಳಿತೇಬಿಟ್ಟಳು.

"ಕೀಳ್ರಿ. ನನ್ನೂ ಕೂಡೇ ಕೀಳ್ರಿ."

ಅವಳು ಒಳಗೆ ಹೋದ ನಡಿಗೆಯನ್ನು ಮಂಗಿಬಾಯಿ ನೋಡಿದ್ದಳು. ಎಡಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಡೆಯುವುದು. ಮಳೆಗಾಲವೆಲ್ಲ ತಾನೂ ಹೀಗೇ ನೋವು ತಪ್ಪಿಸಿ ನಡೆದವಳು.

"ಖಾಲಾ, ಎಡಗಾಲು ಯಾಕ್ರಿ ವಾರಿ ಇಡ್ತೀರಿ?"

"ಆಣಿ ಐತಿ. ಹಳೇದು."

"ಸ್ವಲ್ಪ ತೋರಸ್ರಿ."

"ಹಿರೇರ ಅಂಗಾಲು ನೋಡ್ತಾರೇನು ಯಾರರ? ನಾಚಿಕಿ ಇಲ್ಲೇನು ನಿನಗ?"

ಮಂಗಿಬಾಯಿ ಸೋಮುವಿಗೂ ಉಳಿದವರಿಗೂ ಆಚೆ ಹೋಗಲು ಸನ್ನೆ ಮಾಡಿ ಬಚ್ಚಲ ಬಾಗಿಲಿನ ಪರದೆ ಎಳೆದಳು. ಹೊಸ್ತಿಲ ಮೇಲೆ ಕುಳಿತು, ಮೊದಲು ತನ್ನ ಬಲಗಾಲನ್ನೇ ಎತ್ತಿ ತೋರಿಸಿದಳು. ಸುಟ್ಟ ಕಲೆ, ಅದರ ಮೇಲೆ ಹಾಯ್ದ ಹೊಸ ಗೆರೆಗಳು. ರೋಷನಬಿ ತುಸು ಹೊತ್ತು ನೋಡಿದಳು. ಆಮೇಲೆ ಸೀರೆಯ ಅಂಚು ಸರಿಸಿ, ಗೋಡೆಯ ಕಡೆ ಮುಖ ಮಾಡಿ, ಎಡಗಾಲು ಚಾಚಿದಳು. ಒಂದಲ್ಲ, ಗುಂಪಾಗಿ ಕೂಡಿಕೊಂಡ ಗಂಟುಗಳು. ಪ್ರತಿಯೊಂದರಲ್ಲೂ ಅದೇ ಕರಿ ಚುಕ್ಕೆಗಳು.

"ಆಣಿಯೊಳಗ ಈ ಚುಕ್ಕಿ ಇರಂಗಿಲ್ರಿ," ಎಂದಳು ಮಂಗಿಬಾಯಿ. "ನಂದೂ ಹಿಂಗಽ ಇತ್ತು."

ರೋಷನಬಿ ಕಾಲು ಹಿಂದೆಳೆದು ಸೀರೆಯ ಅಂಚು ಮುಚ್ಚಿದಳು. ದನಿ ತಗ್ಗಿಸಿ ಕೇಳಿದಳು, "ಹಂಗಾರ ನಿನಗ ನಾನಽ ಹಚ್ಚಿದ್ನೇನು?"

"ಯಾರು ಯಾರಿಗೆ ಹಚ್ಚೇವಿ, ಯಾರಿಗ್ಗೊತ್ತ್ರಿ. ನಾಳೆ ದವಾಖಾನಿಗೆ ನಾ ಕರಕೊಂಡ ಹೋಗ್ತೇನಿ. ಇವತ್ತ ಕಲ್ಲು ಎಬ್ಬಸೂಣು."

ಪರದೆ ಸರಿಯಿತು. ರೋಷನಬಿ ಗೋಡೆ ಹಿಡಿದು ಎದ್ದಳು. "ಸೋಮು, ಒಡೀಬ್ಯಾಡಪಾ. ಇಡೀದಽ ತೆಗಿ."

ಒಡೆದಿದ್ದರೆ ಬೇಗ ಮುಗಿಯುತ್ತಿತ್ತು. ಸೋಮು ಸುತ್ತಲಿನ ಸಿಮೆಂಟನ್ನು ಚೂರು ಚೂರಾಗಿ ಬಿಡಿಸುತ್ತ ಮಧ್ಯಾಹ್ನದವರೆಗೂ ಕುಳಿತ. "ಕಾಸೀಮಚಾಚಾನ ಕೈ," ಎಂದ ಬೆವರು ಒರೆಸಿಕೊಳ್ಳುತ್ತ. "ಸುಮ್ಮನ ಬಿಡತೈತೇನು?" ರೋಷನಬಿಯ ಮುಖದಲ್ಲಿ ಆ ದಿನ ಮೊದಲ ಬಾರಿಗೆ ನಗು ಕಂಡಿತು. ಕಲ್ಲನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಅವಳ ಬಾಗಿಲ ಬಳಿಯ ನೀರಿನ ಪೀಪಾಯಿಯ ಕೆಳಗೆ ಬೋರಲಾಗಿ ಇಟ್ಟರು. ಅಲ್ಲಿ ಯಾರ ಕಾಲೂ ತಾಗುವುದಿಲ್ಲ.

ಹೊಸ ನೆಲದಲ್ಲಿ ಈಗ ನೀರು ನಿಲ್ಲುವುದಿಲ್ಲ. ಹೊರಗೋಡೆಯ ಮೊಳೆಗಳಲ್ಲಿ ಬಚ್ಚಲಿನ ಚಪ್ಪಲಿಗಳು ತೂಗುತ್ತವೆ. ಚಂದವ್ವನದು ಗುಲಾಬಿ ಬಣ್ಣದ್ದು; ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮಾಪ್ಸಾದ ಶುಕ್ರವಾರದ ಸಂತೆಯಿಂದ ಕಾಲುಜ್ಜುವ ಸಣ್ಣ ಕಲ್ಲುಗಳು ಬಂದಿವೆ, ಒಬ್ಬೊಬ್ಬರಿಗೆ ಒಂದೊಂದು. ಎಲ್ಲರೂ ಪಾಲಿಸುತ್ತಾರೆಂದಲ್ಲ. ಹೊಸದಾಗಿ ಬಂದವರು ಮರೆಯುತ್ತಾರೆ. ಆಗ ಮೊದಲ ಖೋಲಿಯಿಂದ ಕೂಗು ಕೇಳುತ್ತದೆ. ರೋಷನಬಿಯ ಪಾದಕ್ಕೆ ಇನ್ನೂ ಔಷಧಿಯ ಪಟ್ಟಿ ಇದೆ.

"ಏಯ್, ಬರಿಗಾಲಲೆ ಎಲ್ಲಿ ಹೊಂಟಿ? ನಿನ್ನ ಸಲುವಾಗಿ ನನ್ನ ಗಂಡನ ಕಲ್ಲು ಎಬ್ಬಿಸೇವಿ!"

ಮಂಗಿಬಾಯಿ ಜಳಕ ಮುಗಿಸಿ ಬಂದು, ಬೆರಳ ಸಂದಿಗಳನ್ನೆಲ್ಲ ಒರೆಸಿ, ಬಾಗಿಲ ಬೆಳಕಿಗೆ ಹಿಮ್ಮಡ ತಿರುಗಿಸಿ ನೋಡುತ್ತಾಳೆ. ಗೆರೆಗಳು ಇದ್ದಲ್ಲೇ ಇವೆ. ಕಟ್ಟಡಕ್ಕೆ ಮತ್ತೊಂದು ಅಂತಸ್ತು ಏರಿದೆ. ಬೆಳಿಗ್ಗೆ ಬುಟ್ಟಿ ಹೊತ್ತು ಅವಳು ಅಲ್ಲಿಗೂ ಹತ್ತುತ್ತಾಳೆ, ಹಿಮ್ಮಡ ಪೂರ್ತಿ ಊರಿ.