ಅತ್ತೆ ಕೊಟ್ಟ ಜಾಮೀನು

ನಮ್ಮ ಅತ್ತೆಯ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಕಂದು ಬಣ್ಣದ ಗಟ್ಟಿ ಚರ್ಮ ಬೆಳೆದುಕೊಂಡಿತ್ತು. ತೂಬಗೆರೆಯ ನಮ್ಮ ಕೆಳಗಿನ ಹೊಲವನ್ನು ಅಳೆದು, ಅವಳ ಪಾಲಿನ ಗಡಿಗೆ ಸರ್ವೆ ಕಲ್ಲು ನೆಡುವಾಗ ಆ ಕಲ್ಲು ಆಳಿನ ಕೈಜಾರಿ ಅವಳ ಕಾಲಿನ ಮೇಲೆ ಬಿದ್ದಿತ್ತು. ಸರ್ವೆಯವರು ಗಾಬರಿಯಾಗಿ ಆಸ್ಪತ್ರೆಗೆ ಹೋಗೋಣ ಎಂದರೆ, ಅವಳು ಸೆರಗಿನ ಅಂಚು ಹರಿದು ಬೆರಳಿಗೆ ಸುತ್ತಿಕೊಂಡು, "ಮೊದ್ಲು ಕಲ್ಲು ನೆಡಿ. ಅಲ್ಲೀವರ್ಗೂ ನಾನೆಲ್ಲೂ ಬರಲ್ಲ" ಅಂದಳಂತೆ. ಆಮೇಲೆ ಯಾರಾದರೂ ಬೆರಳು ನೋಡಿ ಕೇಳಿದರೆ, "ಉಗುರು ಕೊಟ್ಟು ತಗೊಂಡಿರೋ ಜಮೀನಮ್ಮಾ ಅದು" ಎಂದು ನಗುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗೆ ಮದುವೆಯಾಗಿ ಹೋದವಳು. ಮಾವ ಪವರ್‌ಲೂಮಿನಲ್ಲಿ ಕೆಲಸಕ್ಕಿದ್ದ. ಬೀದಿ ತುಂಬ ಹಗಲೆಲ್ಲ ಮಗ್ಗಗಳ ಸದ್ದು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ದೊಡ್ಡದಾಗಿಬಿಟ್ಟಿತ್ತು. ಗುಟ್ಟು ಹೇಳುತ್ತೇನೆಂದು ಹತ್ತಿರ ಕರೆದರೂ ಎದುರು ಮನೆಯವರಿಗೆ ಕೇಳಿಸುತ್ತಿತ್ತು. ಅದಕ್ಕೇ ಏನೋ, ಅವಳ ಬದುಕಿನಲ್ಲಿ ಗುಟ್ಟು ಎಂಬುದು ಇರಲೇ ಇಲ್ಲ.

ತಾತ ತೀರಿಕೊಂಡ ಮೇಲೆ, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಅಪ್ಪನೂ ಮಾಡಿದ. ತಂಗಿಗೆ ಒಂದು ರೇಷ್ಮೆ ಸೀರೆ, ಬಳೆ, ಅರಿಶಿನ ಕುಂಕುಮ ಕೊಟ್ಟು, ತನಗೆ ಪಾಲು ಬೇಡವೆಂದು ಸಹಿ ಹಾಕಿಕೊಡಲು ರಿಜಿಸ್ಟ್ರಾರ್ ಆಫೀಸಿಗೆ ಬಾ ಎಂದು ಕರೆದ. ಹೆಣ್ಣುಮಕ್ಕಳು ತವರಿನವರು ಕೊಟ್ಟ ಸೀರೆ ಉಟ್ಟು ಬಂದು, ತೋರಿಸಿದ ಕಡೆ ಸಹಿ ಹಾಕಿ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಸ್ಸು ಹತ್ತುವುದು ವಾಡಿಕೆ. ಅತ್ತೆಯೂ ಅದೇ ಸೀರೆ ಉಟ್ಟು ಬಂದಳು. ಆಫೀಸಿನ ಬಾಗಿಲಲ್ಲಿ ನಿಂತು, "ಸೀರೆ ಚೆನ್ನಾಗದೆ ಕಣಣ್ಣ, ಇಟ್ಕೊತೀನಿ. ಸೈನ್ ಮಾತ್ರ ಹಾಕಲ್ಲ" ಅಂದಳು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ. ಅವಳ ಗಂಟಲು ಗೊತ್ತಲ್ಲ.

ಅಲ್ಲಿಂದ ಶುರುವಾಯಿತು ದಾವೆ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಸುತ್ತಮುತ್ತಲ ಮಣ್ಣಿಗೆ ಬೆಲೆ ಬಂದಿತ್ತು, ಅಪ್ಪ ಬಿಡಲು ತಯಾರಿರಲಿಲ್ಲ. ಅತ್ತೆಯೂ ಬೂಟಾಟಿಕೆ ಮಾಡಲಿಲ್ಲ. "ನಂಗೇನು ಜಮೀನಿನಾಸೆ ಇಲ್ಲಪ್ಪ, ನ್ಯಾಯ ಬೇಕು ಅಷ್ಟೇ" ಎಂದು ಬೇರೆಯವರಾಗಿದ್ದರೆ ಹೇಳುತ್ತಿದ್ದರು. ಇವಳು, "ಜಮೀನೂ ಬೇಕು, ನ್ಯಾಯಾನೂ ಬೇಕು. ಒಂದ್ಯಾಕೆ ಬಿಡ್ಲಿ?" ಅನ್ನುತ್ತಿದ್ದಳು. ಕೆಳಗಿನ ಕೋರ್ಟು ಅವಳ ಪರವಾಗಿ ತೀರ್ಪು ಕೊಟ್ಟಿತು. ಅಪ್ಪ ಮೇಲಿನ ಕೋರ್ಟಿಗೆ ಅಪೀಲು ಹಾಕಿದ, ಆದರೆ ತಡೆಯಾಜ್ಞೆ ಸಿಗಲಿಲ್ಲ. ಹೀಗಾಗಿ ಸರ್ವೆಯಾಗಿ, ಕಲ್ಲು ಬಿದ್ದು, ಉಗುರು ಹೋಗಿ, ಅವಳ ಪಾಲಿಗೆ ಅವಳ ಹೆಸರಿನಲ್ಲೇ ಪಹಣಿ ಬಂತು. ಅಪೀಲು ಅಪ್ಪನ ಕಡೆ ಆದರೆ ಅಷ್ಟೂ ವಾಪಸು ಹೋಗುತ್ತಿತ್ತು.

ಇಷ್ಟಿದ್ದೂ ವಾಯಿದೆ ದಿನ ಅತ್ತೆ ಅಣ್ಣನಿಗೆ ಊಟ ತರುತ್ತಿದ್ದಳು. ಬೆಳಗಿನ ಬಸ್ಸಿಗೆ ಊರಿಂದ ಬರುವ ಅಪ್ಪ ತಿಂಡಿ ತಿಂದಿರುವುದಿಲ್ಲ ಎಂದು ಅವಳಿಗೆ ಗೊತ್ತು. ಕೋರ್ಟಿನ ಆವರಣದ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿ ಕೂರುತ್ತಿದ್ದಳು. ಅಪ್ಪ ಅವಳಿಗೆ ಬೆನ್ನು ಹಾಕಿ ಕೂತು ಹುಳಿಯನ್ನ ಪೂರ್ತಿ ಖಾಲಿ ಮಾಡುತ್ತಿದ್ದ. ಒಮ್ಮೆ ಅಪ್ಪನ ವಕೀಲರು ನೋಡಿ, "ಏನ್ ಯಜಮಾನ್ರೇ, ಎದುರು ಪಾರ್ಟಿ ತಂದಿದ್ದು ತಿಂತಾ ಕೂತಿದ್ದೀರಲ್ಲ?" ಎಂದು ರೇಗಿದರು. ಅತ್ತೆ ಅವರಿಗೂ ಒಂದು ಮುಚ್ಚಳದಲ್ಲಿ ಹಾಕಿಕೊಟ್ಟಳು. ಅವರೂ ತಿಂದರು.

ನಾನು ಅವಳನ್ನು ಕಂಡು ದಂಗಾದದ್ದು ಆಮೇಲಿನ ಒಂದು ದಿನ.

ನಮ್ಮಪ್ಪನಿಗೆ ಮೂಗಿನ ತುದಿಯಲ್ಲಿ ಕೋಪ. ಪಕ್ಕದ ಹೊಲದವನು ಬದು ಒತ್ತಿದ ಎಂದು ಜಗಳ ತೆಗೆದು, ಗುದ್ದಲಿಯ ಕಾವಿನಿಂದ ಹೊಡೆದು ಅವನ ಕೈ ಮುರಿದಿದ್ದ. ಆ ಕ್ರಿಮಿನಲ್ ಕೇಸಿನ ತೀರ್ಪು ಬಂದ ದಿನ ಮ್ಯಾಜಿಸ್ಟ್ರೇಟರು ಆರು ತಿಂಗಳು ಜೈಲು ಎಂದರು. ಅಪೀಲು ಹಾಕುವವರೆಗೆ ಶಿಕ್ಷೆ ತಡೆಹಿಡಿಯಲು ಒಪ್ಪಿದರು, ಆದರೆ ಅವತ್ತೇ ಕೋರ್ಟು ಏಳುವುದರೊಳಗೆ ಜಮೀನಿರುವ ಒಬ್ಬರು ಜಾಮೀನು ನಿಲ್ಲಬೇಕು. ಇಲ್ಲದಿದ್ದರೆ ನೇರ ಜೈಲಿಗೆ. ಮೊದಲು ಜಾಮೀನು ನಿಂತಿದ್ದ ನೆಂಟರು ಫೋನೇ ಎತ್ತಲಿಲ್ಲ. ಇನ್ನೊಬ್ಬರು ಪಹಣಿ ಬ್ಯಾಂಕಿನಲ್ಲಿದೆ ಎಂದರು, ಮತ್ತೊಬ್ಬರು ತಿರುಪತಿಯಲ್ಲಿದ್ದೇನೆ ಎಂದರು. ನೆಲಮಂಗಲದ ಗೋಡೌನ್ ಆಫೀಸಿಗೆ ರಜೆ ಹಾಕಿ ಬಂದಿದ್ದ ನಾನು ಕಾರಿಡಾರಿನಲ್ಲಿ ಫೋನು ಹಿಡಿದು ಓಡಾಡುತ್ತಿದ್ದೆ. ಅಪ್ಪ ಬೆಂಚಿನ ಮೇಲೆ ಪೊಲೀಸಿನವನ ಪಕ್ಕದಲ್ಲಿ ಕೂತಿದ್ದ. ಅಷ್ಟು ಚಿಕ್ಕವನಾಗಿ ಅವನನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಳು ಬಂತು.

ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ ಗಂಟಲು ಕೇಳಿಸಿತು. "ಎಲ್ಲವ್ನೆ ನಮ್ಮಣ್ಣ?"

ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಕೋರ್ಟಿನೊಳಗೆ ಅವಳು ಚಪ್ಪಲಿ ಮೆಟ್ಟುತ್ತಿರಲಿಲ್ಲ, ಹೊರಗೆ ಬಿಟ್ಟರೆ ಕದಿಯುತ್ತಾರೆಂದು ಬ್ಯಾಗಿನಲ್ಲಿ ಹಾಕಿಕೊಳ್ಳುತ್ತಿದ್ದಳು. ಅವತ್ತು ಅದೇ ಬ್ಯಾಗಿನಿಂದ, ಚಪ್ಪಲಿಯ ಪಕ್ಕದಿಂದ, ಪಹಣಿ ತೆಗೆದು ಅಪ್ಪನ ವಕೀಲರ ಕೈಗಿಟ್ಟಳು. ವಕೀಲರು ಅದನ್ನು ನೋಡಿ ತಲೆ ಕೆರೆದುಕೊಂಡರು.

"ಅಮ್ಮಾ, ಈ ಜಮೀನು ನಿಮ್ದಲ್ಲ ಅಂತ ನಾವೇ ಅಪೀಲಲ್ಲಿ ವಾದ ಮಾಡ್ತಾ ಇದ್ದೀವಿ. ಈಗ ನಿಮ್ದೇ ಅಂತ ಇದೇ ಜಮೀನಿನ ಮೇಲೆ ಜಾಮೀನು ಕೇಳೋದು ಹೆಂಗೆ?"

"ಅದು ನಿಮ್ ತಲೆನೋವು ಸ್ವಾಮಿ. ಜಾಮೀನು ಕೊಡೋಕೆ ನಂಗೇನೂ ತೊಂದ್ರೆ ಇಲ್ಲ" ಅಂದಳು ಅತ್ತೆ.

ಒಳಗೆ ಕರೆದರು. ಮ್ಯಾಜಿಸ್ಟ್ರೇಟರು ಪಹಣಿ ನೋಡುತ್ತಾ, ಆರೋಪಿ ನಿಮಗೇನಾಗಬೇಕು ಎಂದು ಕೇಳಿದರು. "ಒಡಹುಟ್ಟಿದಣ್ಣ ಸ್ವಾಮಿ." ಜಮೀನು ನಿಮ್ಮದೇನಾ? "ನಂದೇ ಸ್ವಾಮಿ." ಅದರ ಮೇಲೆ ತಕರಾರು ಏನಾದರೂ ಇದೆಯಾ?

ಇಲ್ಲ ಎಂದುಬಿಟ್ಟಿದ್ದರೆ ಮುಗಿದೇಹೋಗುತ್ತಿತ್ತು. ವಕೀಲರು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಅತ್ತೆ ಅವರ ಕಡೆ ನೋಡಲೂ ಇಲ್ಲ.

"ಅದೆ ಸ್ವಾಮಿ. ನಮ್ಮಣ್ಣಂದೇ ತಕರಾರು."

ಇಡೀ ಕೋರ್ಟು ನಕ್ಕಿತು. ಮ್ಯಾಜಿಸ್ಟ್ರೇಟರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವರು ಮುಖ ಗಂಭೀರ ಮಾಡಿಕೊಂಡು ಅಪ್ಪನ ಕಡೆ ತಿರುಗಿದರು. "ತಕರಾರಿನ ಜಮೀನನ್ನ ನಾನು ಜಾಮೀನಿಗೆ ಒಪ್ಪೋಕಾಗಲ್ಲ. ನೀವು ಹೇಳಿ, ಈ ಜಮೀನು ಯಾರದು?"

ನಾನು ಗೋಡೆಗೆ ಒರಗಿ ನಿಂತಿದ್ದೆ. ಅಪ್ಪ ಕಟಕಟೆಯ ಮರ ಹಿಡಿದುಕೊಂಡು ತಲೆ ತಗ್ಗಿಸಿದ. ಅತ್ತೆ ಬರಿಗಾಲಿನಲ್ಲಿ ನೆಟ್ಟಗೆ ನಿಂತು ಅವನನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಗೆದ್ದೆ ಎಂಬುದು ಇರಲಿಲ್ಲ, ಹೇಳಿಬಿಡಣ್ಣಾ ಎಂಬ ಆತಂಕವಿತ್ತು.

"ಅವಳ್ದೇ ಸ್ವಾಮಿ" ಅಂದ ಅಪ್ಪ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮ್ಯಾಜಿಸ್ಟ್ರೇಟರು ಇನ್ನೊಮ್ಮೆ ಹೇಳಿಸಿದರು. ಅದನ್ನು ಬರೆದುಕೊಂಡು ಜಾಮೀನು ಒಪ್ಪಿದರು. ಸಂಜೆ ಅಪ್ಪ ನಮ್ಮ ಜೊತೆಗೇ ಬಸ್ ಸ್ಟ್ಯಾಂಡಿಗೆ ನಡೆದು ಬಂದ.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ, "ಇನ್ನೇನಮ್ಮ, ಅಪೀಲು ವಾಪಸ್ ತಗೊಂಬುಡ್ತೀನಿ ಬಿಡು" ಎಂದ. ಇಷ್ಟು ವರ್ಷದ ಜಗಳ ಮುಗಿಯಿತು ಎಂದು ನನಗೆ ಎದೆ ಹಗುರಾಯಿತು. ಅತ್ತೆ ಮಾತ್ರ ಸಿಡುಕಿದಳು.

"ಬ್ಯಾಡ. ನೀನು ವಾಪಸ್ ತಗೊಂಡ್ರೆ ನೀನು ಕೊಟ್ಟಂಗಾಯ್ತದೆ. ಜಾಮೀನು ನಿಂತಿದ್ದಕ್ಕೆ ಅಣ್ಣ ಹೊಲ ಬಿಟ್ಟುಕೊಟ್ಟ ಅಂತಾರೆ ಊರವ್ರು. ಕೋರ್ಟು ಹೇಳ್ಲಿ."

ನನಗೆ ಭಯವಾಯಿತು. "ಅತ್ತೆ, ತೀರ್ಪು ನಿನ್ನ ವಿರುದ್ಧ ಬಂದ್ಬಿಟ್ರೆ?"

"ಬಂದ್ರೆ ಅದರ ಮೇಲೆ ಇನ್ನೊಂದು ಕೋರ್ಟದೆ. ಲೇ ಹುಡ್ಗಿ, ನಂದೊಬ್ಬಳದೇ ಅಂದ್ಕೊಂಡ್ಯಾ? ನಾಳೆ ನಿಂಗೂ ನಿನ್ ತಮ್ಮಂಗೂ ಇದೇ ಮಾತು ಬತ್ತದೆ. ಆವಾಗ ಯಾರೋ ಕನಿಕರ ತೋರಿಸಿದ್ರು ಅಂತ ಇರಬಾರ್ದು."

ಕೈಗೆ ಬಂದದ್ದನ್ನು ಮತ್ತೆ ತಕ್ಕಡಿಗೆ ಹಾಕುವ ಎದೆಗಾರಿಕೆ ನನಗಂತೂ ಇಲ್ಲ. ಅವತ್ತು ನನಗೆ ಕಂಡದ್ದು ದೊಡ್ಡಬಳ್ಳಾಪುರದ ಅತ್ತೆಯಲ್ಲ, ಯಾರೋ ಬೇರೆ. ತೂಬಗೆರೆಯ ಬಸ್ಸು ಬಂದರೂ ನಾನು ಅವಳನ್ನೇ ನೋಡುತ್ತಾ ನಿಂತಿದ್ದೆ, ಅಪ್ಪ ಕೂಗಿ ಕರೆಯಬೇಕಾಯಿತು.

ಅಪ್ಪನ ವಕೀಲರು ಪಾಪ, ಜಮೀನಿನ ಅಪೀಲಿನಲ್ಲಿ ಇನ್ನು ಏನು ವಾದ ಮಾಡಲಿ ಎಂದು ಗೊಣಗಿಕೊಂಡೇ ವಾದ ಮಾಡಿದರು. ಕ್ರಿಮಿನಲ್ ಅಪೀಲು ಮೊದಲು ಮುಗಿಯಿತು. ಹೊಡೆದದ್ದು ಸಾಬೀತಾಗಿದೆ, ಆದರೆ ವಯಸ್ಸು ನೋಡಿ ಜೈಲು ಬೇಡ, ಕೈ ಮುರಿದವನಿಗೆ ಪರಿಹಾರ ಕೊಡಬೇಕು ಎಂದು ಸೆಷನ್ಸ್ ಕೋರ್ಟು ಹೇಳಿತು. ನಾವೆಲ್ಲ ಖುಷಿಯಲ್ಲಿದ್ದರೆ ಅತ್ತೆ, "ಸರಿಯಾಗೇ ಹೇಳವ್ರೆ. ಹೊಡೆದಿದ್ದು ಹೊಡೆದಿದ್ದೇ. ಮೊದ್ಲು ಹೋಗಿ ಆ ಮನುಷ್ಯನ್ನ ಮಾತಾಡಿಸ್ಕೊಂಡು ಬಾ" ಎಂದು ಅಪ್ಪನನ್ನು ಅಟ್ಟಿದಳು. ಅಪ್ಪ ಹೋಗಿ ಬಂದ.

ಜಮೀನಿನ ಅಪೀಲು ಬಹಳ ದಿನ ಎಳೆಯಿತು. ಕೊನೆಗೆ, ಅಪೀಲು ವಜಾ ಮಾಡಿದ್ದೇವೆ, ಕೆಳಗಿನ ಕೋರ್ಟಿನ ತೀರ್ಪು ಸರಿಯಾಗಿದೆ ಎಂದು ಆದೇಶ ಬಂತು. ಅತ್ತೆ ತೀರ್ಪಿನ ಪ್ರತಿ ತರಿಸಿ, ಮಗ್ಗಗಳು ನಿಲ್ಲುವ ವಾರದ ರಜೆಯ ದಿನ ನನ್ನನ್ನು ಮನೆಗೆ ಕರೆಸಿ, ಓದು ಅಂದಳು. ನಾನು ಜಾಣತನ ಮಾಡಿ ನೇರ ಕೊನೆಯ ಪುಟಕ್ಕೆ ಹೋದೆ. ಬೆನ್ನಿಗೊಂದು ಏಟು ಬಿತ್ತು.

"ಮೊದ್ಲಿಂದ ಓದೇ. ನಮ್ಮಣ್ಣ ಏನೇನು ಹೇಳಿದ್ದ, ಅದನ್ನೂ ಓದು."

ಓದಿದೆ. ಮದುವೆಗೆ ಖರ್ಚು ಮಾಡಿದ್ದು, ತಾತನ ಕಾಯಿಲೆಯಲ್ಲಿ ಅಪ್ಪನೇ ನೋಡಿಕೊಂಡದ್ದು, ಬೋರ್‌ವೆಲ್ ಕೊರೆಸಿದ್ದು, ಎಲ್ಲ ಅಪ್ಪನ ವಾದದಲ್ಲಿ ಬಂತು. ಅತ್ತೆ ಕಾಲು ಚಾಚಿ ಕೂತು ಆ ಬೆರಳನ್ನು ಸವರಿಕೊಳ್ಳುತ್ತಾ ಕೇಳುತ್ತಿದ್ದಳು. "ಇದು ನಿಜ. ಅಪ್ಪನ್ನ ಚೆನ್ನಾಗಿ ನೋಡ್ಕೊಂಡ" ಅಂದಳು. ಆ ವಾದಗಳಿಗೆಲ್ಲ ಜಡ್ಜ್ ಕೊಟ್ಟ ಉತ್ತರವನ್ನೂ ಕೇಳಿದಳು. ಮಗಳೂ ಮಗನಷ್ಟೇ ಹಕ್ಕುದಾರಳು, ಮದುವೆಯಾದ ಮಾತ್ರಕ್ಕೆ ಅವಳು ಹುಟ್ಟಿದ ಮನೆಯ ಮಗಳಾಗಿರುವುದು ತಪ್ಪುವುದಿಲ್ಲ ಎಂಬ ಅರ್ಥದ ಮಾತು ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಇನ್ನೊಮ್ಮೆ ಓದಿಸಿದಳು.

ಆ ಜಮೀನನ್ನು ಅವಳು ಮಾರಲೂ ಇಲ್ಲ, ಅಣ್ಣನಿಗೆ ದಾನ ಮಾಡಲೂ ಇಲ್ಲ. ರಾಗಿ ಹಾಕಿಸಿದಳು, ಅವರೆ ಹಾಕಿಸಿದಳು. ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತೆಗೆದುಕೊಂಡು ಹೋದರೆ, ತನ್ನ ಹೊಲದ ಅವರೆಕಾಯಿ ಚೀಲಕ್ಕೆ ತುಂಬಿ ಕಳಿಸುತ್ತಿದ್ದಳು. ಈಚೆಗೆ ನಮ್ಮ ಮನೆಯಲ್ಲಿ ಪಾಲಾಯಿತು. ಅಪ್ಪ ನನಗೆ ಸೀರೆ ಕೊಡಲಿಲ್ಲ, ಸಹಿ ಹಾಕು ಬಾ ಎಂದೂ ಕರೆಯಲಿಲ್ಲ. ತಮ್ಮನ ಜೊತೆ ನನ್ನ ಹೆಸರನ್ನೂ ಸೇರಿಸಿದ. ನಾನು ಬಾಯಿ ಬಿಟ್ಟು ಕೇಳಿಯೇ ಇರಲಿಲ್ಲ. ನನ್ನ ಪರವಾಗಿ ಅವಳು ಅಷ್ಟು ವರ್ಷ ಕೋರ್ಟಿನ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಕೇಳಿಯಾಗಿತ್ತು.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಬೀದಿಯವರು ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಅಪ್ಪ ತವರಿನ ಸೀರೆ ತಂದು ಹೊದಿಸಿ, ಅವಳ ಕಾಲ ಬಳಿ ಕೂತಿದ್ದ. ಎಲ್ಲಿ ಮಣ್ಣು ಮಾಡುವುದು ಎಂಬ ಮಾತು ಬಂತು. ಊರ ಹೊರಗಿನ ಸ್ಮಶಾನ ಎಂದರು ಕೆಲವರು. ಮಾವನಿಗೆ ಏನೂ ತೋಚದೆ ಅಪ್ಪನ ಮುಖ ನೋಡಿದ.

"ಅವಳ ಜಮೀನದೆಯಲ್ಲಪ್ಪ" ಅಂದ ಅಪ್ಪ, ಬೀದಿಗೆಲ್ಲ ಕೇಳುವ ಹಾಗೆ. "ಅಲ್ಲಿಗೇ ಕರ್ಕೊಂಡೋಗಣ."

ಈ ಸಲ ಯಾರೂ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿರಲಿಲ್ಲ.