ತಿನ್ನುತ್ತಿದ್ದವರನ್ನು ಎಬ್ಬಿಸಿದ ಬೆಳಗು

ಕುಂದಾಪುರದ ವಾಸುದೇವ ಮೊದಲು ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಮುಂದೆ ದೋಸೆ ಹುಯ್ಯುತ್ತಿದ್ದ. ಸ್ಟೇಷನ್ ಚಂದ ಮಾಡಬೇಕು, ಏಳು ಅಂದರು, ಎದ್ದ. ವಟ್ವಾದ ಬಣ್ಣದ ಕಾರ್ಖಾನೆಗಳ ಎದುರು ಹೋಗು ಅಂದರು, ಹೋದ. ಗದ್ದೆ ಕಿತ್ತು ಕಾರ್ಖಾನೆ ತಂದ ಸರಕಾರವೇ ಬೊಟ್ಟು ಮಾಡಿ ತೋರಿಸಿದ ಜಾಗ ಸ್ವಾಮಿ ಅದು! ತೆರಿಗೆಯನ್ನೂ ತಪ್ಪದೆ ವಸೂಲು ಮಾಡಿತು. ಈಗ ದೊಡ್ಡ ಕಂಪನಿಯೊಂದರ ಗೋದಾಮಿಗೆ ಅಗಲದ ಲಾರಿ ರಸ್ತೆ ಬೇಕಾಯಿತು, ವಾಸುದೇವನ ಹೋಟೆಲು ಒತ್ತುವರಿಯಾಯಿತು. ಬಡವನ ಹೊಟ್ಟೆಪಾಡು ಯಾವ ನಕ್ಷೆಯಲ್ಲಿ ಕಾಣುತ್ತದೆ ಹೇಳಿ! ಇದೂ ಹೋದರೆ ಈ ವಯಸ್ಸಿನಲ್ಲಿ ಮತ್ತೆ ಹೆಂಚು ಹೊತ್ತು ತಿರುಗುವ ತಾಕತ್ತು ಅವನಿಗಿರಲಿಲ್ಲ.

ಅವನು ಕೆಲಸ ಕಲಿತ ಹೋಟೆಲುಗಳಲ್ಲಿ ಒಂದು ಕಟ್ಟಾಜ್ಞೆಯಿತ್ತು: ತಿನ್ನಲು ಕೂತವನನ್ನು ಎಬ್ಬಿಸಕೂಡದು. ಬಾಗಿಲು ಹಾಕುವ ಹೊತ್ತು ಮೀರಿದರೂ ಮಾಲೀಕ ಕಾಯಬೇಕು. ಲೋಕವೆಲ್ಲ ಹಾಗೇ ಎಂದು ನಂಬಿದ್ದ, ಪಾಪದ ಮನುಷ್ಯ. ಹೋಟೆಲು ಕೆಡವಲು ಜೆಸಿಬಿ ಬಂದ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದವರನ್ನೆಲ್ಲ ಕರೆದು ಬೆಂಚಿನ ತುಂಬ ಕೂರಿಸಿ ದೋಸೆ ಬಡಿಸಿದ. ಇವರು ತಿನ್ನುವಷ್ಟು ಹೊತ್ತು ಯಾರೂ ಗೋಡೆ ಮುಟ್ಟುವುದಿಲ್ಲವೆಂದು ಅವನ ಲೆಕ್ಕ.

ಹೆಂಡತಿ ಸುಮತಿಯ ತಮ್ಮ ಪ್ರವೀಣನೂ ಅಲ್ಲಿದ್ದ; ಬಣ್ಣದ ಕಾರ್ಖಾನೆಯ ಕೆಲಸಕ್ಕೆ ಅವನನ್ನು ಊರಿನಿಂದ ಕರೆಸಿದ್ದೇ ವಾಸುದೇವ. ಅವನು ಕೈ ಕೂಡ ತೊಳೆಯದೆ ಎದ್ದ.

"ಭಾವ, ಪೊಲೀಸರ್ ಬಂದ್ರ್. ಹೊರ್ಗ್ ಹೋಪ."

"ಕೂಕೊ ಮಾರಾಯ! ಉಂಬರನ್ನ್ ಯಾರ್ ಎಬ್ಬಸ್ತ್ರ್?" ವಾಸುದೇವ ಬಲಗೈಯಿಂದ ಅವನ ಭುಜ ಅದುಮಿ ಕೂರಿಸಿ ಇನ್ನೊಂದು ದೋಸೆ ಹಾಕಿದ.

ಲಾಠಿ ಮೊದಲು ತಟ್ಟೆಗಳ ಮೇಲೆ ಬಿತ್ತು, ಆಮೇಲೆ ತಲೆಗಳ ಮೇಲೆ. ಬಾಯಲ್ಲಿ ತುತ್ತಿದ್ದವರನ್ನೇ ಕೂದಲು ಹಿಡಿದು ದರದರ ಎಳೆದರು. ಒಳಗೆ ಇನ್ನೂ ಜನರಿದ್ದಾರೆಂದು ಸುಮತಿ ಕಿರುಚುತ್ತಿರುವಾಗಲೇ ಯಂತ್ರ ಹಿಂದಿನ ಗೋಡೆಗೆ ಗುದ್ದಿತು. ಗೋಡೆ ಪ್ರವೀಣನ ಮೇಲೆ ಕುಸಿಯಿತು. ಇಟ್ಟಿಗೆಗಳ ನಡುವೆ ಅವನ ಕೈಯೊಂದೇ ಕಾಣುತ್ತಿತ್ತು.

ವಾಸುದೇವ ಕುದಿಯುವ ಸಾಂಬಾರಿನ ಪಾತ್ರೆಯನ್ನೇ ಎತ್ತಿ ಎದುರಿಗಿದ್ದ ಪೊಲೀಸನ ಮುಖಕ್ಕೆ ಎರಚಿದ. ಆ ಎಳೆಯ ಪೊಲೀಸ ಚೀರುತ್ತ ನೆಲಕ್ಕೆ ಬಿದ್ದ. ಉಳಿದ ಪೊಲೀಸರು ವಾಸುದೇವನ ಕಾಲಿನ ಎಲುಬು ಮುರಿಯುವ ತನಕ ಬಡಿದರು.

ತಮ್ಮನ ಸಂಸ್ಕಾರ ಮುಗಿಸಿ ಸುಮತಿ ಸರಕಾರಿ ಆಸ್ಪತ್ರೆಗೆ ಬಂದಳು. ವಾಸುದೇವನ ಬಲಗೈಯನ್ನು ಬೇಡಿ ಹಾಕಿ ಮಂಚಕ್ಕೆ ಬಿಗಿದಿದ್ದರು.

"ಕೊಂದ್ ಹಾಕ್ರಲ್ಲೆ, ನಮ್ ಪ್ರವೀಣನ್ನ!" ಎಂದು ಅವನು ಗೋಳಾಡಿದ. "ಹಾಳಾಗ್ ಹೋಯ್ಲಿ ಇವ್ರ ರಸ್ತೆ!"

"ಹೌದ್, ಕೊಂದ್ರ್," ಎಂದಳು ಸುಮತಿ. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಆದ್ರೆ ಅವ ಎದ್ದಿದ್ದ. ಕೂರ್ಸಿದ್ ನೀವ್."

ಅವಳು ಹೋದ ಮೇಲೆ ವಾಸುದೇವ ಆ ಬಲಗೈಯನ್ನು ಮಂಚದ ಕಬ್ಬಿಣದ ಸರಳಿಗೆ ಬಡಿದುಕೊಂಡ, ರಕ್ತ ಬಂದರೂ ನಿಲ್ಲಿಸಲಿಲ್ಲ.