ಮುಕಾದಮನ ಉಡದಾರದ ಕೀಲಿ

ಬೆಳಕು ಹರಿಯುವ ಮುಂಚೆ ದಾನವ್ವ ಮಾಡಿ ಮುಗಿಸಬೇಕಿದ್ದ ಕೆಲಸಗಳು ಇಷ್ಟು: ಮಲಗಿದವರ ಕಾಲು ತುಳಿಯದಂತೆ ದಾಟಿ ಬಾಗಿಲು ತೆಗೆಯುವುದು, ನಳದ ಬುಡದಲ್ಲಿ ತನ್ನ ಕೊಡಗಳನ್ನು ಸರದಿಗೆ ಹಚ್ಚಿ ಬರುವುದು, ಪಾಯಖಾನೆಯ ಮುಂದೆ ಡಬ್ಬಿಗಳ ಸಾಲು ಬೆಳೆಯುವುದರೊಳಗೆ ಹೋಗಿ ಬರುವುದು, ಸಿಗಡಿಯ ಬೂದಿ ಕೊಡವಿ, ಇದ್ದಿಲು ತುಂಬಿ, ಹೊಗೆ ತೀರುವ ತನಕ ಅದನ್ನು ಹೊರಗಿಟ್ಟು ಬೀಸುತ್ತ ಕೂರುವುದು, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು, ಮೊದಲು ಗಂಡನಿಗೆ, ಆಮೇಲೆ ತನ್ನಲ್ಲಿ ಊಟ ಹಚ್ಚಿಕೊಂಡಿದ್ದ ಒಂಟಿ ಗಂಡಸರಿಗೆ, ನಳ ಗೊರಗೊರ ಎಂದೊಡನೆ ಹಿಟ್ಟಿನ ಕೈಯಲ್ಲೇ ಓಡುವುದು, ಕೊಡ ತುಂಬಿಸಿ, ಜಗಳವಾಡಿ, ಮತ್ತೆ ಕೊಡ ತುಂಬಿಸುವುದು, ಬುತ್ತಿ ಕಟ್ಟುವುದು. ಇಷ್ಟಾದ ಮೇಲೆ ಸಾಲಿನ ತುದಿಯಲ್ಲಿದ್ದ ಬೆಂಕಿ ಡ್ರಮ್ಮಿಗೆ ಒಂದು ಕೊಡ ನೀರು ಸುರಿಯುವುದು. ಈ ಕಡೆಯದು ಅರವತ್ತೆಂಟನೆಯ ಇಸವಿಯಲ್ಲಿ ಹೊಸದಾಗಿ ಸೇರಿಕೊಂಡ ಕೆಲಸ. ಸೇರಿಕೊಂಡ ಮೇಲೆ ಅದನ್ನು ಕೆಲಸವೆಂದು ಯಾರೂ ಕರೆಯಲಿಲ್ಲ.

ಸಯನ್ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದಲ್ಲಿ ಬಸವಂತಪ್ಪನ ಚಾಳು ಇತ್ತು. ಬಸವಂತಪ್ಪ ಎಂದೋ ತೀರಿಹೋಗಿದ್ದ, ಹೆಸರು ಉಳಿದಿತ್ತು. ಐದು ಸಾಲು ಖೋಲಿ, ತಗಡಿನ ಮಾಡು, ಒಂದೇ ನಳ. ಇಂಡಿ ಕಡೆಯಿಂದ ಮದುವೆಯಾದ ವರ್ಷವೇ ದಾನವ್ವ ಅಲ್ಲಿಗೆ ಬಂದಿದ್ದಳು. ಸೊಲ್ಲಾಪುರ ದಾಟಿದ ಮೇಲೆ ರೈಲಿನ ಕಿಟಕಿಯಲ್ಲಿ ಮೂಗೊತ್ತಿ ಕೂತವಳು ಮುಂಬಯಿ ಬರುವ ತನಕ ಕದಲಿರಲಿಲ್ಲವಂತೆ. ಈಗ ಅಲ್ಲಿ ಲಿಫ್ಟಿನ ಬಿಲ್ಡಿಂಗು ಎದ್ದಿದೆ. ಆದರೆ ಆ ಚಾಳಿನಲ್ಲಿ ಬಾಳಿದ ಹೆಂಗಸರು ಇಬ್ಬರು ಕೂಡಿದರೆ ಸಾಕು, ಮಾತು ಆ ಓಣಿಗೇ ಹೋಗಿ ನಿಲ್ಲುತ್ತದೆ. ಹಿತ್ತಾಳೆ ಕೊಡಗಳ ಠಣಠಣ, ಒಬ್ಬಳ ಮಗು ಇನ್ನೊಬ್ಬಳ ಕಂಕುಳಲ್ಲಿ, ಗಿರಣಿಯ ಭೋಂಗಾ ಕೂಗಿದಾಗ ಏಕಕಾಲಕ್ಕೆ ಸಿಗಡಿಯಿಂದ ಇಳಿಯುತ್ತಿದ್ದ ಅಷ್ಟೂ ಮನೆಯ ರೊಟ್ಟಿ ಹೆಂಚು. ಆಗ ಸೊಂಟ ನೋಯುತ್ತಿತ್ತೆಂಬುದನ್ನೂ ಅವರು ಅಷ್ಟೇ ಪ್ರೀತಿಯಿಂದ ನೆನೆಯುತ್ತಾರೆ, ಆ ನೋವೂ ಊರ ಕಡೆಯ ನೆಂಟನೋ ಎಂಬಂತೆ.

ದಾನವ್ವನ ಗಂಡ ಭೀಮರಾಯ ಇಟ್ಟಿಗೆ ಹೊರುತ್ತಿದ್ದ. ಅವನಿಗೆ ಕೆಲಸ ಕೊಟ್ಟವನು, ಖೋಲಿ ಹಿಡಿಸಿಕೊಟ್ಟವನು, ಇಬ್ಬರೂ ಒಬ್ಬನೇ: ಮುಕಾದಮ ಸಿದ್ದಲಿಂಗಪ್ಪ. ಬಿಲ್ಡರ್ ಕೇಳಿದಷ್ಟು ಆಳು ಒದಗಿಸುವುದು ಅವನ ದಂಧೆ. ಬೆಳಿಗ್ಗೆ ಓಣಿಯ ಬಾಯಲ್ಲಿ ನಿಂತು ಅವನು ಬೆರಳು ತೋರಿಸಿದವನಿಗೆ ಅಂದು ಕೂಲಿ, ಇಲ್ಲವಾದರೆ ಇಲ್ಲ. ಕೆಟ್ಟವನೇನಲ್ಲ. ಹೆರಿಗೆಗೆ ಟ್ಯಾಕ್ಸಿ ತರುತ್ತಿದ್ದ, ಸತ್ತರೆ ಹೆಗಲು ಕೊಡುತ್ತಿದ್ದ. ತನ್ನನ್ನು ಕೇಳದೆ ಯಾರೂ ಏನೂ ಮಾಡಬಾರದು ಎಂಬುದಷ್ಟೇ ಅವನ ಆಸೆ.

ಆ ವರ್ಷ ರಸ್ತೆಯಾಚೆಯ ಝೋಪಡಿಗಳು ಸುಟ್ಟು ಬೂದಿಯಾದವು. ಅದಾದ ಮೇಲೆ ಫೈರ್ ಸ್ಟೇಷನ್ನಿನ ಒಬ್ಬ ಮರಾಠಿ ಸಾಹೇಬರು ಚಾಳಿಂದ ಚಾಳಿಗೆ ತಿರುಗಿದರು. ಬಂಬಿನ ಗಾಡಿ ಈ ಓಣಿಗಳಲ್ಲಿ ನುಗ್ಗುವುದಿಲ್ಲ, ಗಾಡಿ ಬರುವ ತನಕ ನಿಮ್ಮನ್ನು ನೀವೇ ಕಾಯಬೇಕು, ಅದಕ್ಕೆ ಒಂದು ಕಮಿಟಿ ಮಾಡಿಕೊಳ್ಳಿ ಎಂದರು. ಹೇಗೆ ಮಾಡಬೇಕೆಂಬುದನ್ನೂ ಹೇಳಿಕೊಟ್ಟರು. ಸಾಲಿಗೊಬ್ಬರಂತೆ ಐದು ಜನ. ಖೋಲಿಗೊಂದು ಓಟು, ಮನೆಯ ದೊಡ್ಡವರು ಯಾರು ಬಂದು ಹಾಕಿದರೂ ಸರಿ. ಆರಿಸಿ ಬಂದ ಐವರು ತಮ್ಮೊಳಗೊಬ್ಬನನ್ನು ಅಧ್ಯಕ್ಷನೆಂದು ಒಪ್ಪಿಕೊಳ್ಳಬೇಕು. ಒಂದು ವರ್ಷದ ಮಾತು, ಆಮೇಲೆ ಹೊಸದಾಗಿ ಆರಿಸಬೇಕು. ಮರಳಿನ ಬಕೀಟು, ನೀರಿನ ಡ್ರಮ್ಮು, ಯಾರ ಮನೆಯಲ್ಲಿ ಏನು ಇಡಬಾರದು, ಎಲ್ಲವೂ ಕಮಿಟಿ ಹೇಳಿದಂತೆ.

ಮೊದಲ ಸಲ ಕೈ ಎತ್ತಿಸಿ ಆರಿಸಿದರು. ಗಂಡಸರು ಮುಂದೆ, ಹೆಂಗಸರು ಹಿಂದೆ ಕೊಡ ಹೊತ್ತುಕೊಂಡೇ ನಿಂತಿದ್ದರು. ಗಂಡ ಪಾಳಿಗೆ ಹೋದ ಮನೆಯ ಹೆಂಗಸರು ಮುಕಾದಮನ ಮುಖ ನೋಡಿ ಕೈ ಎತ್ತಿದರು. ಐವರೂ ಗಂಡಸರೇ ಬಂದರು. ನಡುಸಾಲಿನ ಸಿದ್ದಲಿಂಗಪ್ಪ ಅಧ್ಯಕ್ಷನಾದ. ಐವರೂ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮರಳುವವರು ಎಂಬುದು ಅಂದು ಯಾರ ತಲೆಗೂ ಹೊಳೆಯಲಿಲ್ಲ.

ಡಾಂಬರಿನ ಹಳೆಯ ಡ್ರಮ್ಮುಗಳನ್ನು ತರಿಸಿ, ಅರ್ಧ ನೆಲದಲ್ಲಿ ಹೂತು ಸುತ್ತ ಸಿಮೆಂಟು ಹಾಕಿದರು. ತುಂಬಿಸುವ ಭಾರ ಹೆಂಗಸರ ಸೊಂಟಕ್ಕೆ ಬಿತ್ತು. ಬೇಸಿಗೆ ಬಂದು ನಳ ಬೆರಳಿನಷ್ಟು ಸಣ್ಣಗಾದಾಗ, ಕೂಸಿನ ಬಟ್ಟೆ ತೊಳೆಯಲು ಒಬ್ಬಳು ಡ್ರಮ್ಮಿನಿಂದ ಒಂದು ತಂಬಿಗೆ ತೆಗೆದಳು, ಪಾತ್ರೆಗೆಂದು ಇನ್ನೊಬ್ಬಳು. ದಾನವ್ವನೂ ತೆಗೆದಿದ್ದಳು. ಸಿದ್ದಲಿಂಗಪ್ಪನಿಗೆ ಸಿಟ್ಟು ಬಂತು. ಮುಚ್ಚಳಗಳಿಗೆ ಚಿಲಕ ಬೆಸೆಸಿ ಬೀಗ ಜಡಿದ, ಎಲ್ಲಕ್ಕೂ ಒಂದೇ ಕೀಲಿ. ಮುಚ್ಚಳದ ನಡುವೆ ಮುಷ್ಟಿಯಗಲದ ತೂತು ಮಾತ್ರ ಬಿಟ್ಟ. ಅದರಲ್ಲಿ ನೀರು ಸುರಿಯಬಹುದು, ತೆಗೆಯಲು ಬರುವುದಿಲ್ಲ. ಕೀಲಿಯನ್ನು ಊರ ಗಂಡಸರು ಟ್ರಂಕಿನ ಕೀಲಿ ಕಟ್ಟಿಕೊಳ್ಳುವ ಹಾಗೆ ತನ್ನ ಸೊಂಟದ ಉಡದಾರಕ್ಕೆ ಕಟ್ಟಿಕೊಂಡ.

ಮೇ ತಿಂಗಳ ಒಂದು ಮಧ್ಯಾಹ್ನ, ಗಂಡಸರು ಸಾಂತಾಕ್ರೂಜದ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ, ಹಾಲವ್ವನ ಖೋಲಿಯಲ್ಲಿ ಸ್ಟೋ ಸಿಡಿಯಿತು. ಹಾಲವ್ವ ಎಂದರೆ ದಾನವ್ವನ ಗೋಡೆಯಾಚೆಯ ಹಿರಿಯಳು, ಮಾಟುಂಗದ ಮನೆಗಳಲ್ಲಿ ಮುಸುರೆ ತಿಕ್ಕಿ ಆಗಷ್ಟೇ ಬಂದು ಚಹಾಕ್ಕಿಟ್ಟಿದ್ದಳು. ಪಕ್ಕದಲ್ಲೇ ಸೀಮೆಎಣ್ಣೆಯ ಡಬ್ಬಿ ಇತ್ತು. ಸೀರೆ, ಹಾಸಿಗೆ, ತಡಿಕೆ, ಒಂದೊಂದೇ ಹತ್ತಿಕೊಂಡವು. ದಾನವ್ವ ಓಡಿ ಡ್ರಮ್ಮಿನ ಹತ್ತಿರ ನಿಂತಳು. ಒಳಗೆ ಕಂಠದ ತನಕ ನೀರಿತ್ತು. ಮೇಲೆ ಬೀಗವಿತ್ತು. ಒರಳಿನ ಗುಂಡು ತಂದು ಬಡಿದಳು, ಚಿಲಕ ಸೊಟ್ಟಗಾಯಿತೇ ಹೊರತು ಬಿಡಲಿಲ್ಲ.

"ಮನೀ ನೀರ ತರ‍್ರೇ! ಕೊಡಾ ತರ‍್ರಿ!" ಎಂದು ಕಿರುಚಿದಳು.

ಬಾಗಿಲು ಬಾಗಿಲಿನಿಂದ ಕೊಡಗಳು ಬಂದವು. ಕುಡಿಯುವ ನೀರು, ಅಕ್ಕಿ ತೊಳೆಯಲಿಟ್ಟ ನೀರು, ಒಬ್ಬ ಮುದುಕಿ ತನ್ನ ಪೂಜೆಯ ತಂಬಿಗೆಯನ್ನೂ ಕೊಟ್ಟಳು. ಕೈಯಿಂದ ಕೈಗೆ ದಾಟಿಸಿ ಸುರಿದರು. ಬಂಬಿನವರು ಪೈಪು ಎಳೆದುಕೊಂಡು ಬರುವಾಗ ಬೆಂಕಿ ಆರಿ ಹೊಗೆಯಷ್ಟೇ ಏಳುತ್ತಿತ್ತು. ಹಾಲವ್ವನ ಖೋಲಿ ಹೋಗಿತ್ತು, ಅವಳ ಮೊಣಕೈ ಬೆಂದಿತ್ತು, ಜೀವ ಉಳಿದಿತ್ತು.

ಬಂಬಿನವರ ಜೊತೆ ಬಂದ ಸಾಹೇಬರು ಡ್ರಮ್ಮಿನ ಬೀಗ ಮುಟ್ಟಿ ನೋಡಿ, "ಬಾಯಿ, ಚಾವಿ ಕಿಧರ್ ಹೈ?" ಎಂದು ಕೇಳಿದರು.

ಹಾಲವ್ವ ಬೆಂದ ಕೈ ಎತ್ತಿಹಿಡಿದೇ ಕೂಗಿದಳು: "ಕೀಲಿ ಮುಕಾದಮನ ಉಡದಾರದಾಗ ಐತ್ರಿ! ಉಡದಾರ ಸಾಂತಾಕ್ರೂಜದಾಗ ಐತಿ!"

ಆ ಹೊಗೆಯಲ್ಲೂ ಹೆಂಗಸರು ಕೆಮ್ಮುತ್ತ ನಕ್ಕರು. ಅರ್ಥವಾಗದ ಸಾಹೇಬರಿಗೆ ಉಡದಾರವೆಂದರೇನೆಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ, ಒಬ್ಬಳು ಸೊಂಟ ತೋರಿಸಿ ಓಡಿಹೋದಳು.

ಸಂಜೆ ಗಂಡಸರು ಬಂದು ಕುಡಿಯಲು ನೀರು ಕೇಳಿದರೆ ಯಾವ ಮನೆಯಲ್ಲೂ ಹನಿ ಇರಲಿಲ್ಲ. ಅಂದಿನಿಂದ ದಾನವ್ವನಿಗೆ 'ಬಂಬದ ದಾನವ್ವ' ಎಂದು ಹೆಸರು ಬಿತ್ತು. ಗಂಡಸರು ಚೇಷ್ಟೆಗೆ ಕರೆದರು, ಹೆಂಗಸರು ಮನಸಾರೆ ಕರೆದರು.

ವರ್ಷ ತುಂಬಿ ಹೊಸ ಕಮಿಟಿ ಆರಿಸುವ ಹೊತ್ತು ಬಂದಾಗ, ಐವರಲ್ಲಿ ಒಬ್ಬರಾದರೂ ಹಗಲು ಚಾಳಿನಲ್ಲಿರುವವರು ಬಂದರೆ ಒಳ್ಳೆಯದು ಎಂದರು ಸಾಹೇಬರು. ಉಳಿದ ಸಾಲುಗಳಲ್ಲಿ ಹಳಬರ ಎದುರು ಯಾರೂ ನಿಲ್ಲಲಿಲ್ಲ. ನಡುಸಾಲಿನಿಂದ ದಾನವ್ವ ತನ್ನ ಹೆಸರು ಹೇಳಿದಳು. ಕೈ ಎತ್ತುವುದು ಬೇಡ, ಮರೆಯಲ್ಲಿ ಹಾಕುವ ಓಟು ಬೇಕು ಎಂದೂ ಕೇಳಿದಳು. ಓದುಬರಹ ಬಲ್ಲವರು ಕಡಿಮೆ, ಆದ್ದರಿಂದ ಎರಡು ಗಡಿಗೆ ಇಡುವುದೆಂದಾಯಿತು. ವಿಭೂತಿ ಬಳಿದದ್ದು ಮುಕಾದಮನದು, ಕುಂಕುಮ ಹಚ್ಚಿದ್ದು ದಾನವ್ವನದು. ಖೋಲಿಗೊಂದು ಹುಣಸೆ ಬೀಜ.

ಊಟಕ್ಕೆ ಕೂತಿದ್ದ ಭೀಮರಾಯ ತಾಟು ಸರಿಸಿದ. "ನಿನಗ ತಲಿ ಕೆಟ್ಟದೇನು? ನಾಳಿ ಓಣಿ ಬಾಯಾಗ ಅಂವ ನನ್ನ ಮಾರಿ ನೋಡದ ಮುಂದ ಹ್ವಾದ್ರ ಏನ್ ತಿಂತೀ?"

"ಅಂವ ಅಂಥಾಂವ ಅಲ್ಲ ಅಂತ ನೀವ ಹೇಳ್ತೀರಲ್ರಿ."

"ಅಲ್ಲ ಖರೆ. ಆದ್ರ ಆಗೂದಕ್ಕ ಎಷ್ಟೊತ್ತು?"

ಓಟಿನ ಹಿಂದಿನ ಸಂಜೆ ಮುಕಾದಮನೇ ಬಂದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಹಾಸಿದ ಚಾಪೆಯ ಮೇಲೆ ಕೂತು, ಬಲು ಅಕ್ಕರೆಯಿಂದ ಉಡದಾರದ ಕೀಲಿ ಬಿಚ್ಚಿ ಅವಳ ಮುಂದಿಟ್ಟ.

"ತಗೋ ತಂಗಿ. ಇದರ ಸಲುವಾಗಿ ಹೌದಲ್ಲೋ ಇಷ್ಟ ಗದ್ದಲ? ನಾಳಿಂದ ಕೀಲಿ ನಿನ್ನ ಹಂತ್ಯಾಕ ಇರಲಿ, ಡ್ರಮ್ ನೀನ ನೋಡ್ಕೋ. ಹೆಸರಷ್ಟ ಹಿಂದಕ್ಕ ತಗೋ. ಹೆಣ್ಮಗಳು ಸಾಯೇಬ್ರ ಮುಂದ ಕುರ್ಚಿ ಮ್ಯಾಲ ಕುಂತ್ರ ಚಂದ ಕಾಣತೈತೇನು?"

ಭೀಮರಾಯನ ಮುಖ ಅರಳಿತು. "ನೋಡ ಮತ್ತ, ಎಷ್ಟ ದೊಡ್ಡ ಮನಸು!"

ದಾನವ್ವ ಚಹಾ ಸೋಸುತ್ತಲೇ ಕೇಳಿದಳು: "ಯಣ್ಣಾ, ನಳ ಸಣ್ಣಾದ್ರ ಯಾವ ಖೋಲ್ಯಾವ್ರು ಎಷ್ಟ ನೀರ ಹಾಕಬೇಕು ಅನ್ನೂದು ಯಾರ ಹೇಳೋರು?"

"ಕಮಿಟಿ ಹೇಳತೈತಿ."

"ಸ್ಟೋ ಬಾಜೂಕ ಘಾಸಲೇಟ್ ಡಬ್ಬಿ ಇಡಬ್ಯಾಡ್ರಿ ಅನ್ನೂದು?"

"ಅದೂ ಕಮಿಟೀನ."

"ಈ ಕೀಲಿ ಹೊಳ್ಳಿ ಕೊಡು ಅನ್ನೂದು?"

ಮುಕಾದಮ ಗಟ್ಟಿಯಾಗಿ ನಕ್ಕ. "ಭಾಳ ಶಾಣ್ಯಾ ಇದ್ದೀ ತಂಗಿ. ಅದೂ ಕಮಿಟೀನ ಅಲ್ಲೇನು?"

ಅವನು ಹೋದ ಮೇಲೆ ಹಾಲವ್ವ, ಮತ್ತೆ ಏಳುತ್ತಿದ್ದ ತನ್ನ ಖೋಲಿಯ ಅರೆಗೋಡೆಯಾಚೆಯಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಕೀಲಿ ಬಂತಲ್ಲೇ ದಾನವ್ವಾ, ಇನ್ನೇನ ಬೇಕ ನಿನಗ? ಹಾರ, ತುರಾಯಿ ಬೇಕೇನು?" ಎಂದಳು. ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಅವಳಿಗೆ ಸಮಾಧಾನವಾಗಿತ್ತು.

ದಾನವ್ವನಿಗೆ ಅದಕ್ಕೇ ಕಸಿವಿಸಿಯಾಯಿತು. ಕೀಲಿ ಬಂದಿತ್ತು, ಸುಳ್ಳಲ್ಲ. ಬೆಂಕಿ ಬಿದ್ದರೆ ಇನ್ನು ಬೀಗ ಬಡಿಯುತ್ತ ನಿಲ್ಲಬೇಕಿಲ್ಲ. ಗಂಡನ ಕೂಲಿಗೂ ಕುತ್ತಿಲ್ಲ. ಆದರೆ ತುಂಬಿಸುವವಳು ತಾನು, ಕಾಯುವವಳು ತಾನು, ತಪ್ಪಾದರೆ ಬೈಸಿಕೊಳ್ಳುವವಳೂ ತಾನು; ಮಾತು ಮಾತ್ರ ಅವನದು. ಮನೆಯಲ್ಲಿ ಇರುವುದೂ ಇದೇ ಅಲ್ಲವೇ ಎಂದುಕೊಂಡಳು. ಹಿಟ್ಟಿನ ಡಬ್ಬಿ ತನ್ನ ಕೈಯಲ್ಲೇ ಇದೆ, ಯಾರಿಗೂ ಅಡ್ಡಿಯಿಲ್ಲ. ಊರಿಗೆ ಯಾವಾಗ ಹೋಗಬೇಕು, ಮಗಳನ್ನು ಶಾಲೆಗೆ ಹಾಕಬೇಕೋ ಬೇಡವೋ ಎಂದು ಯಾರಾದರೂ ಅವಳನ್ನು ಕೇಳಿದ್ದುಂಟೇ? ಅದನ್ನೇ ಮುಕಾದಮ ಓಣಿಯಲ್ಲೂ ಕೊಟ್ಟು, ಉಡುಗೊರೆಯೆಂಬಂತೆ ಮುಂದಿಟ್ಟು ಹೋಗಿದ್ದ.

ಮರುದಿನ ಭಾನುವಾರ. ಸಾಂತಾಕ್ರೂಜದ ಹೊಸ ಹೋಟೆಲಿಗೆ ಸ್ಲ್ಯಾಬ್ ಹಾಕುವುದಿದೆಯೆಂದು ಮುಕಾದಮ ಆಳುಗಳನ್ನೆಲ್ಲ ಕಳಿಸಿ, ತಾನು ಉಳಿದುಕೊಂಡಿದ್ದ. ಗಂಡಸರಿಲ್ಲದಿದ್ದರೆ ಹೆಂಗಸರು ತಾನು ಹೇಳಿದಂತೆ ಹಾಕುತ್ತಾರೆಂದು ಅವನ ನಂಬಿಕೆ. ಭೀಮರಾಯ ಬುತ್ತಿ ಹಿಡಿದು ಹೊರಡುವಾಗ ಬಾಗಿಲಲ್ಲಿ ನಿಂತ.

"ಹೆಸರ ತಗದ ಬಿಡು. ತಗೀದಿದ್ರ, ನಮ್ಮ ಖೋಲಿ ಬೀಜರೆ ಅವನ ಗಡಿಗ್ಯಾಗ ಹಾಕು. ನಾಳಿ ಅಂವ ಕೇಳಿದ್ರ ನಾ ಮಗಳ ಮ್ಯಾಲ ಕೈಯಿಟ್ಟು ಆಣಿ ಮಾಡಿ ಹೇಳುವಂಗ ಇರಬೇಕ ನೋಡು." ಅವನ ಧ್ವನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಗದರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಮತ್ತೆ ಕಟ್ಟುತ್ತಿದ್ದ ಹಾಲವ್ವನ ಖೋಲಿಯಲ್ಲಿ ಸೀರೆ ಮರೆ ಕಟ್ಟಿ ಗಡಿಗೆ ಇಟ್ಟಿದ್ದರು. ಹೊರಗೆ ಸಾಹೇಬರು ಮೇಜು ಹಾಕಿಕೊಂಡು ಕೂತಿದ್ದರು, ಪಕ್ಕದ ಕುರ್ಚಿಯಲ್ಲಿ ಸಿದ್ದಲಿಂಗಪ್ಪ. ದಾನವ್ವ ಬಂದೊಡನೆ ಸಾಹೇಬರು, "ನಾಮ್ ವಾಪಸ್ ಲೇತೀ ಹೋ ಕ್ಯಾ, ಬಾಯಿ?" ಎಂದರು. ಹೆಸರು ಹಿಂದಕ್ಕೆ ಹೋಗುತ್ತದೆಂದು ಮುಕಾದಮ ಆಗಲೇ ಹೇಳಿಟ್ಟಿದ್ದ.

ಅವಳು ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಮೇಜಿನ ಮೇಲಿಟ್ಟಳು. "ನಹೀ ಸಾಬ್" ಎಂದಳು. ಆಮೇಲೆ ಮುಕಾದಮನ ಕಡೆ ತಿರುಗಿ, "ಯಣ್ಣಾ, ಇದು ಆರಿಸಿ ಬಂದವರದು. ನೀ ಬಂದ್ರ ನೀನ ಇಟ್ಕೋ. ನನ್ನ ಹೆಸರು ಅಲ್ಲೇ ಇರಲಿ" ಎಂದಳು.

ಸಿದ್ದಲಿಂಗಪ್ಪ ಕೀಲಿಯನ್ನು ನೋಡಿದ, ಮತ್ತೆ ಅವಳನ್ನು ಹೊಸಬಳೆಂಬಂತೆ ನೋಡಿದ.

ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಮರೆಗೆ ಹೋಗಿ ಬಂದರು. ಹಾಲವ್ವ ಹೊರಬಂದವಳು ದಾನವ್ವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಏನು ಹಾಕಿದಳೋ. ಕಡೆಗೆ ದಾನವ್ವನ ಪಾಳಿ ಬಂತು.

ಸೀರೆಯ ಮರೆಯಲ್ಲಿ ಹಸಿ ಮಣ್ಣಿನ ವಾಸನೆ ಇತ್ತು. ಎರಡು ಗಡಿಗೆಗಳು, ಬಾಯಿಗೆ ಬಟ್ಟೆ. ಇಲ್ಲಿ ಯಾರೂ ನೋಡುವುದಿಲ್ಲ. ಬೀಜವನ್ನು ವಿಭೂತಿಯ ಗಡಿಗೆಗೆ ಬಿಟ್ಟರೆ ಗಂಡನ ಆಣೆ ಸತ್ಯವಾಗುತ್ತದೆ, ಹೆಸರು ನಿಲ್ಲಿಸಿಕೊಂಡ ಮಾನವೂ ಉಳಿಯುತ್ತದೆ. ಅದೂ ಅಲ್ಲದೆ ತನ್ನ ಓಟನ್ನು ತನಗೇ ಹಾಕಿಕೊಳ್ಳುವುದೆಂದರೆ, ಹಸಿದವರು ಪಂಕ್ತಿಯಲ್ಲಿ ಕೂತಿರುವಾಗ ಮೊದಲ ತುತ್ತು ತನಗೇ ಬಡಿಸಿಕೊಂಡ ಹಾಗೆ. ಅಂಥ ಕೆಲಸ ಅವಳ ಕೈ ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಅಂಗೈಯ ಬೀಜ ಬೆವರಿಗೆ ಜಾರುತ್ತಿತ್ತು.

ಹೊರಗಿನಿಂದ ಯಾರೋ ಕೂಗಿದರು: "ಬಂಬದಾಕಿ, ಒಳಗ ನಿದ್ದಿ ಹೊಡದ್ಯೇನು?"

ದಾನವ್ವ ಕುಂಕುಮದ ಗಡಿಗೆಯ ಬಟ್ಟೆ ಸರಿಸಿ ಬೀಜವನ್ನು ಒಳಗೆ ಬಿಟ್ಟಳು. ಸಂಜೆ ಗಂಡ ಬಂದ ಮೇಲೆ, ಅವನು ಕೇಳುವ ಮೊದಲೇ, ನಮ್ಮ ಬೀಜ ಎಲ್ಲಿ ಬಿತ್ತೆಂದು ತಾನೇ ಹೇಳುವುದೆಂದು ನಿಶ್ಚಯಿಸಿಕೊಂಡು ಸೀರೆ ಸರಿಸಿ ಹೊರಗೆ ಬಂದಳು.